ಚಿನ್ನಕ್ಕೆ ಒರೆಗಲ್ಲು, ವೈದ್ಯರಿಗೆ ಕೈಗುಣ

ನಮ್ಮೂರಿನ ಹೆಂಗಸರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಳ್ಳುವಾಗ ತೊಟ್ಟು ಹಸಿರಾಗಿದೆಯೇ, ಹುಳು ಕೊರೆದ ತೂತಿದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡುತ್ತೇವೆ. ಹೂವಿನವಳ ಮೊಳ ಚಿಕ್ಕದೆಂದು ನಮ್ಮ ಕೈಯನ್ನೇ ಚಾಚುತ್ತೇವೆ. ಚಿನ್ನದಂಗಡಿಯಲ್ಲಂತೂ ಕೇಳುವುದೇ ಬೇಡ. 916 ಮುದ್ರೆ ಇದೆಯೇ, ವೇಸ್ಟೇಜು ಎಷ್ಟು, ಕಲ್ಲಿನ ತೂಕ ಕಳೆದಿದ್ದಾರೆಯೇ ಎಂದು ಕೇಳಿ ಕೇಳಿ ಅಂಗಡಿಯವನಿಗೆ ಬೆವರಿಳಿಸುತ್ತೇವೆ. ಎಷ್ಟಾದರೂ ಚಿನ್ನದ ಗಣಿಯ ಊರಿನವರು. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆ ಎಂದು ಅಳೆದೇ ಬದುಕಿದ ಊರು ನಮ್ಮದು.

ಅದೇ ನಾವು, ನಮ್ಮ ಮೈಯನ್ನೂ ನಮ್ಮ ಮಕ್ಕಳ ಮೈಯನ್ನೂ ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಕೇಳುವುದು ಒಂದೇ ಪ್ರಶ್ನೆ: "ಆ ಡಾಕ್ಟ್ರ ಕೈಗುಣ ಹೇಗೇಮ್ಮ?"

ಈ ಕೈಗುಣವೆಂಬ ಮಾತಿನ ಮೇಲೆ ನನಗೆ ಬಹಳ ವರ್ಷಗಳಿಂದ ಸಿಟ್ಟಿದೆ. ಆ ಸಿಟ್ಟಿಗೆ ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಮ್ಮನಿಗೆ ಅರವತ್ತು ದಾಟುವ ಹೊತ್ತಿಗೆ ಕೀಲುನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ಮಂಡಿ ಊದಿಕೊಂಡು ಕೂತಲ್ಲಿಂದ ಏಳಲಾಗದು. ಪಕ್ಕದ ಮನೆಯವರು ಒಬ್ಬ ಡಾಕ್ಟರ ಹೆಸರು ಹೇಳಿದರು. "ಎರಡೇ ದಿನ ಟೀಚರಮ್ಮ, ನಿಮ್ಮ ತಾಯಿ ಓಡಾಡ್ತಾರೆ ನೋಡಿ. ಅಂಥಾ ಕೈಗುಣ" ಎಂದರು. ಕರೆದುಕೊಂಡು ಹೋದವಳು ನಾನೇ. ಬಿ.ಎ., ಬಿ.ಎಡ್. ಓದಿ ಮಕ್ಕಳಿಗೆ "ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ" ಎಂದು ದಿನವೂ ಬೋಧಿಸುವ ನಾನು ಆ ಬೆಂಚಿನ ಮೇಲೆ ಒಂದು ಗಂಟೆ ಕಾದು, ಎರಡು ನಿಮಿಷ ಒಳಗಿದ್ದು, ಒಂದು ಇಂಜೆಕ್ಷನ್ನು ಹಾಕಿಸಿ, ಪೇಪರಿನ ಪೊಟ್ಟಣದಲ್ಲಿ ಸುತ್ತಿ ಕೊಟ್ಟ ಪುಟ್ಟ ಬಿಳಿ ಮಾತ್ರೆಗಳನ್ನು ತಂದೆ. ಚೀಟಿ ಇರಲಿಲ್ಲ. ಮಾತ್ರೆಯ ಹೆಸರಿರಲಿಲ್ಲ. ನಾನೂ ಕೇಳಲಿಲ್ಲ.

ಅವರು ಹೇಳಿದ್ದು ನಿಜವಾಯಿತು. ಮೂರನೆಯ ದಿನ ಅಮ್ಮ ರಂಗೋಲಿ ಹಾಕಿದಳು! ನಾಲ್ಕು ವರ್ಷ ಆ ಪೊಟ್ಟಣಗಳು ನಮ್ಮ ಮನೆಗೆ ಬಂದವು. ಅಮ್ಮನ ಮುಖ ಗುಂಡಗಾಯಿತು. ವಯಸ್ಸಾದ ಮೇಲೆ ಕಳೆ ಬಂದಿದೆ ಎಂದು ನಾವೆಲ್ಲ ಸಂತೋಷಪಟ್ಟೆವು. ಸಕ್ಕರೆ ಕಾಯಿಲೆ ಬಂತು. ಈಗ ಯಾರಿಗಿಲ್ಲ ಎಂದುಕೊಂಡೆವು. ಕೈ ಎಲ್ಲಾದರೂ ತಾಗಿದರೆ ನೀಲಿಗಟ್ಟುತ್ತಿತ್ತು, ಮುಪ್ಪು ಎಂದೆವು. ಒಂದು ದಿನ ಬಚ್ಚಲುಮನೆಯ ಹೊಸ್ತಿಲು ಎಡವಿ ಕುಕ್ಕರಿಸಿದಳು. ಅಷ್ಟಕ್ಕೇ ಸೊಂಟದ ಮೂಳೆ ಮುರಿಯಿತು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅಮ್ಮನ ಮುಖ ನೋಡಿದವರೇ, "ಎಷ್ಟು ವರ್ಷದಿಂದ ಸ್ಟೀರಾಯ್ಡ್ ತಗೊಳ್ತಿದ್ದಾರೆ?" ಎಂದು ಕೇಳಿದರು. ನನಗೆ ಆ ಶಬ್ದದ ಅರ್ಥ ಗೊತ್ತಿತ್ತು. ಅದು ನಮ್ಮ ಮನೆಯಲ್ಲಿತ್ತು ಎಂಬುದು ಗೊತ್ತಿರಲಿಲ್ಲ. "ಹಳೇ ಚೀಟಿ ಕೊಡಿ" ಎಂದರು. ಯಾವ ಚೀಟಿ ಕೊಡಲಿ?

ಅಮ್ಮ ಆಮೇಲೆ ನಡೆಯಲಿಲ್ಲ. ಮೂರು ವರ್ಷ ಹಾಸಿಗೆಯಲ್ಲಿದ್ದು ಹೋದಳು. ಯಾರ ಮೇಲೂ ದೂರು ಕೊಡಲಾಗಲಿಲ್ಲ. ಕಾಗದವೇ ಇಲ್ಲದ ಮೇಲೆ ಯಾವುದನ್ನು ಹಿಡಿದು ದೂರುವುದು?

ಸ್ಟೀರಾಯ್ಡ್ ಎಂದರೆ ವಿಷವೆಂದು ನಾನು ಹೇಳುತ್ತಿಲ್ಲ. ಆಸ್ತಮಾದವರ ಪ್ರಾಣ ಉಳಿಸುವುದು ಅದೇ. 2020ರಲ್ಲಿ ಕೊರೋನಾ ಬಂದಾಗ, ಆಮ್ಲಜನಕ ಬೇಕಾದ ರೋಗಿಗಳಲ್ಲಿ ಸಾವನ್ನು ತಗ್ಗಿಸಿದ ಅಗ್ಗದ ಔಷಧಿ ಎಂದು ಮೊದಲು ಸಾಬೀತಾದದ್ದೂ ಅದರ ಜಾತಿಯ ಡೆಕ್ಸಾಮೆಥಾಸೋನ್. ಗೊತ್ತಿದ್ದವರು, ಬೇಕಾದಾಗ, ಬೇಕಾದಷ್ಟೇ, ಹೇಳಿ ಕೊಟ್ಟರೆ ಅದು ಮದ್ದು. ಹೇಳದೆ ವರ್ಷಗಟ್ಟಲೆ ಕೊಟ್ಟರೆ ನೋವನ್ನು ಮುಚ್ಚಿಡುತ್ತದೆ, ಊತವನ್ನು ಅಡಗಿಸುತ್ತದೆ, ಒಳಗೊಳಗೇ ಮೂಳೆಯನ್ನು ಗೆದ್ದಲು ತಿಂದ ಮರದ ಹಾಗೆ ಮಾಡುತ್ತದೆ. ನಾವು ಕೈಗುಣ ಎಂದು ಕೈಮುಗಿದದ್ದು ಇದಕ್ಕೆ.

ಯೋಚಿಸಿ ನೋಡಿ, ಕೈಗುಣದ ಬಹುಪಾಲು ಹುಟ್ಟುವುದು ಹೀಗೆಯೇ. ಮಕ್ಕಳಿಗೆ ಬರುವ ಸಾಮಾನ್ಯ ವೈರಸ್ ಜ್ವರ ನಾಲ್ಕೈದು ದಿನಕ್ಕೆ ತಾನಾಗಿ ಇಳಿಯುತ್ತದೆ. ಮೊದಲ ದಿನ ತೋರಿಸಿದ ಡಾಕ್ಟರು "ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸಿ, ಕಾದು ನೋಡಿ" ಎನ್ನುತ್ತಾರೆ. ಎರಡನೆಯ ದಿನವೂ ಜ್ವರ ಇಳಿಯದಿದ್ದರೆ ನಮಗೆ ತಾಳ್ಮೆ ಇಲ್ಲ. ಮೂರನೆಯ ದಿನ ಇನ್ನೊಬ್ಬರ ಹತ್ತಿರ ಓಡುತ್ತೇವೆ, ಅವರು ಸೂಜಿ ಹಾಕುತ್ತಾರೆ, ನಾಲ್ಕನೆಯ ದಿನ ಜ್ವರ ಇಳಿಯುತ್ತದೆ. ಸರಿಯಾಗಿ ಹೇಳಿದವರಿಗೆ ಕೆಟ್ಟ ಹೆಸರು, ಸೂಜಿ ಹಾಕಿದವರಿಗೆ ಕೈಗುಣ! ಬಂಗಾರಪೇಟೆಯಲ್ಲಿ ಒಬ್ಬ ಹೆಣ್ಣುಮಗಳು ಓದು ಮುಗಿಸಿ ಬಂದು ಕ್ಲಿನಿಕ್ ಇಟ್ಟಿದ್ದಳು. ಕೂರಿಸಿ ಮಾತಾಡಿಸುತ್ತಿದ್ದಳು, ಚೀಟಿ ಬರೆಯುತ್ತಿದ್ದಳು, ಬೇಡದ ಇಂಜೆಕ್ಷನ್ ಬೇಡ ಎನ್ನುತ್ತಿದ್ದಳು. "ಏನೂ ಕೊಡಲ್ಲ, ಬರೀ ಮಾತು" ಎಂದು ನಮ್ಮ ಹೆಂಗಸರೇ ತೀರ್ಪು ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಆಕೆ ಬಾಗಿಲು ಹಾಕಿಕೊಂಡು ಹೋದಳು. ಎದುರಿನ ಸಾಲಿನಲ್ಲಿ ಸೂಜಿ ಹಾಕುವವರ ಬೆಂಚು ಮಾತ್ರ ಇಂದಿಗೂ ಖಾಲಿಯಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯ ಹಾಲು ಅನ್ನ ಈಗ ಸೂಜಿಯಾಗಿದೆ.

ಸೂಜಿಯ ಮೋಹ ಕಳೆದು ಗ್ಲೂಕೋಸ್ ಬಾಟಲಿಯ ಮೋಹಕ್ಕೆ ಬನ್ನಿ. "ತುಂಬಾ ಸುಸ್ತು ಡಾಕ್ಟ್ರೇ, ಒಂದು ಬಾಟ್ಲಿ ಏರಿಸಿ" ಎಂದು ನಾವೇ ಕೇಳುತ್ತೇವೆ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಬಾಯಿಂದ ಕುಡಿಯಬಲ್ಲವರಿಗೆ ಒಂದು ಲೋಟ ಪಾನಕ ಅದೇ ಕೆಲಸ ಮಾಡುತ್ತದೆ. ಭೇದಿಯಾದವರಿಗೆ ಓಆರ್‌ಎಸ್ ಪೊಟ್ಟಣ ಅದಕ್ಕಿಂತ ಒಳ್ಳೆಯದು. ಆದರೆ ಪಾನಕಕ್ಕೆ ಕೈಗುಣವಿಲ್ಲ ನೋಡಿ, ನೂರಾರು ರೂಪಾಯಿ ತೆತ್ತು ಮಂಚದ ಮೇಲೆ ಮಲಗಿದರೇ ನಮಗೆ ಸಮಾಧಾನ. ನರಕ್ಕೆ ಹೋಗುವ ಬಾಟಲಿಯಲ್ಲಿ ಕೊಳೆಯಿದ್ದರೆ ಏನಾಗುತ್ತದೆ ಎಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿ ತೋರಿಸಿತು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಏರಿಸಿದ ದ್ರಾವಣದ ಮೇಲೆ ಅನುಮಾನ ಬಿದ್ದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ತಾಯಂದಿರಿಗೆ ಅದು ಬೇಕಾಗಿಯೇ ಏರಿಸಿದ್ದು. ಬೇಡದೆ ಏರಿಸಿಕೊಳ್ಳುವ ನಮ್ಮನ್ನು ಏನೆನ್ನಬೇಕು?

ಒಮ್ಮೆ ತರಗತಿಯಲ್ಲಿ ಕೇಳಿದೆ: "ಹೋದ ಸಲ ಜ್ವರ ಬಂದಾಗ ಯಾರಿಗೆಲ್ಲ ಇಂಜೆಕ್ಷನ್ ಹಾಕಿದರು?" ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. "ಹೊಸ ಸಿರಿಂಜಿನ ಕವರ್ ನಿಮ್ಮ ಕಣ್ಣೆದುರೇ ಹರಿದದ್ದನ್ನು ನೋಡಿದವರು ಎಷ್ಟು ಜನ?" ಕೈಗಳು ಇಳಿದವು. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಅಮ್ಮ ಆ ಕಡೆ ಮುಖ ತಿರುಗಿಸ್ಕೋ ಅಂದ್ಳು" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ, ಹೆಸರಿನಲ್ಲಿ ನಮ್ಮ ಬಂಗಾರಪೇಟೆಗೆ ತಂಗಿಯ ಹಾಗಿರುವ ಬಂಗಾರ್‌ಮೌ ಎಂಬಲ್ಲಿ, ಹತ್ತಾರು ಬಡವರಿಗೆ ಎಚ್‌ಐವಿ ಸೋಂಕು ಇರುವುದು ಪತ್ತೆಯಾಯಿತು. ಸೈಕಲ್ಲಿನಲ್ಲಿ ಬಂದು ಹತ್ತು ರೂಪಾಯಿಗೆ ಚಿಕಿತ್ಸೆ ಕೊಡುತ್ತಿದ್ದ ನಕಲಿ ವೈದ್ಯನೊಬ್ಬ ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳಿತು. ಅವನಿಗೂ ಕೈಗುಣವಿದ್ದಿರಬೇಕು. ಇಲ್ಲದಿದ್ದರೆ ಅಷ್ಟು ಜನ ತೋಳು ಚಾಚುತ್ತಿರಲಿಲ್ಲ.

ಉತ್ತರ ಪ್ರದೇಶ ದೂರ ಎಂದು ಸಮಾಧಾನ ಪಡಬೇಡಿ. 2024ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದ ಸರ್ಕಾರದ ಲೆಕ್ಕದಲ್ಲಿ, ನಕಲಿ ವೈದ್ಯರು ಹೆಚ್ಚು ಪತ್ತೆಯಾದ ಜಿಲ್ಲೆಗಳ ಮುಂದಿನ ಸಾಲಿನಲ್ಲಿ ನಮ್ಮ ಕೋಲಾರದ ಹೆಸರೂ ಇತ್ತು.

ಇಲ್ಲೇ ಯಾಕೆ ಹೀಗೆ? ನಾವು ದಡ್ಡರೆಂದಲ್ಲ. ಗಣಿ ನಡೆಯುತ್ತಿದ್ದಾಗ ಕೆಜಿಎಫ್‌ಗೆ ಗಣಿಯ ಆಸ್ಪತ್ರೆಯಿತ್ತು. ಕೆಲಸಗಾರನ ಹೆಸರಿನಲ್ಲಿ ಕಾರ್ಡು, ಕಾರ್ಡಿನಲ್ಲಿ ಅವನ ಕಾಯಿಲೆಯ ಚರಿತ್ರೆ ಇರುತ್ತಿತ್ತು. ಆ ವ್ಯವಸ್ಥೆಯನ್ನೂ ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಕಲ್ಲುಪುಡಿ ಉಸಿರಾಡಿ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಭಾರತದಲ್ಲಿ ಮೊಟ್ಟಮೊದಲು ಬೆಳಕಿಗೆ ಬಂದ ಜಾಗಗಳಲ್ಲಿ ನಮ್ಮ ಗಣಿಯೂ ಒಂದು. 1940ರ ದಶಕದಲ್ಲಿ ಸಾವಿರಾರು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಆದರೂ ಒಂದು ಮಾತು ನಿಜ. ಪರೀಕ್ಷಿಸಿದ್ದರು, ಬರೆದಿಟ್ಟಿದ್ದರು, ಆದ್ದರಿಂದಲೇ ಇವತ್ತಿಗೂ ನಮಗೆ ಗೊತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಸ್ಪತ್ರೆಯೂ ಹೋಯಿತು, ಕಾರ್ಡೂ ಹೋಯಿತು. ಗಂಡಸರೂ ಹೆಂಗಸರೂ ಮಾರಿಕುಪ್ಪಂ, ಊರಿಗಾಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಹಗಲು ತೆರೆದಿರುವ ಸರ್ಕಾರಿ ಆಸ್ಪತ್ರೆಯ ಓಪಿಡಿ ಅವರಿಗೆ ಸಿಗುವುದಿಲ್ಲ. ರಾತ್ರಿ ಎಂಟರ ಮೇಲೆ ರೈಲು ಇಳಿದವರಿಗೆ ದೀಪ ಉರಿಯುವುದು ಖಾಸಗಿ ಕ್ಲಿನಿಕ್ಕಿನಲ್ಲಿ ಮಾತ್ರ. ನಾಳೆ ಮತ್ತೆ ಕೆಲಸಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ದಿನದ ಸಂಬಳ ಇಲ್ಲ. ಅಂಥವರು "ಈ ರಾತ್ರಿಯೇ ಇಳಿಯುವ ಹಾಗೆ ಏನಾದರೂ ಕೊಡಿ" ಎನ್ನುವುದರಲ್ಲಿ ತಪ್ಪೇನು? ತಪ್ಪು ಅವರದ್ದಲ್ಲ. ಅವರ ಅವಸರವನ್ನು ವ್ಯಾಪಾರ ಮಾಡಿಕೊಂಡವರದು, ರಾತ್ರಿ ಹೊತ್ತು ಒಂದು ಓಪಿಡಿ ತೆರೆಯಲಾಗದ ಸರ್ಕಾರದ್ದು.

ಡಾಕ್ಟರುಗಳ ಉತ್ತರವೂ ನನಗೆ ಗೊತ್ತು. "ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ ಮೇಡಂ." ಇದೇ ಮಾತನ್ನು ನಾನೂ ಹೇಳಬಹುದಲ್ಲ? ನಾನು ಕಾಪಿ ಹೊಡೆಯಲು ಬಿಡದಿದ್ದರೆ ಪಕ್ಕದ ಶಾಲೆಯವರು ಬಿಡುತ್ತಾರೆ ಎಂದು! ಹಾಗೆ ಹೇಳುವ ಮೇಷ್ಟ್ರ ಹತ್ತಿರ ಅವರು ತಮ್ಮ ಮಕ್ಕಳನ್ನು ಕಳಿಸುತ್ತಾರೆಯೇ? ನಮ್ಮ ಶಾಲೆಗೆ ಬಿಇಒ ಬರುತ್ತಾರೆ, ಪಾಠದ ಟಿಪ್ಪಣಿ ನೋಡುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಊರಿಗೆಲ್ಲ ಗೊತ್ತಾಗುತ್ತದೆ. ಒಂದು ಮಗು ಫೇಲಾದರೆ ತಂದೆತಾಯಿ ಬಂದು ಮುಖಕ್ಕೆ ಕೇಳುತ್ತಾರೆ. ವೈದ್ಯರನ್ನು ಕೇಳಿದರೆ ಮಾತ್ರ ಅದು ಅವಮಾನವೇ? 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನನ್ನು ಬಿಗಿ ಮಾಡಹೊರಟಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಕೊನೆಗೆ ಹಲವು ಅಂಶಗಳು ಸಡಿಲವಾದವು. ವೈದ್ಯರ ಮೇಲೆ ಕೈಮಾಡುವವರನ್ನು ನಾನು ಕ್ಷಮಿಸುವುದಿಲ್ಲ, ಅದು ಗೂಂಡಾಗಿರಿ. ಆದರೆ ಪ್ರಶ್ನೆ ಕೇಳುವುದೂ ಹೊಡೆಯುವುದೂ ಒಂದೇ ಅಲ್ಲ.

"ನಮಗೇನು ಗೊತ್ತಾಗುತ್ತೆ, ನಾವೇನು ಡಾಕ್ಟ್ರಾ?" ಎಂದು ನೀವು ಕೇಳಬಹುದು. ವಿಯೆನ್ನಾ ನಗರದ ಬಾಣಂತಿಯರು ಡಾಕ್ಟರುಗಳಾಗಿರಲಿಲ್ಲ. 1840ರ ದಶಕದಲ್ಲಿ ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಆ ವಿಭಾಗ ಬೇಡವೆಂದು ಹೆಂಗಸರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರಂತೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕಾರಣ ಹುಡುಕಿದ: ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಸಾವು ಇಳಿಯಿತು. ದೊಡ್ಡ ದೊಡ್ಡ ವೈದ್ಯರು ಅವನ ಮಾತು ಒಪ್ಪದೆ ಹೀಗಳೆದರು. ಕೇಳಿ ಗೆಳತಿಯರೇ, ಆ ಹೆಂಗಸರು ಕೈಗುಣ ನೋಡಲಿಲ್ಲ. ಯಾವ ಬಾಗಿಲಿನಿಂದ ಎಷ್ಟು ಜನ ಜೀವಂತ ಹೊರಗೆ ಬಂದರು ಎಂದು ನೋಡಿದರು. ಪಂಡಿತರಿಗಿಂತ ಮೊದಲು ಸತ್ಯ ಅವರಿಗೆ ಗೊತ್ತಿತ್ತು.

ನಾವೂ ಹಾಗೆ ನೋಡಬಲ್ಲೆವು. ಬದನೆಕಾಯಿ ತಿರುಗಿಸಿ ನೋಡುವ ಕಣ್ಣು ಸಾಕು.

ಕ್ಲಿನಿಕ್ಕಿನ ಹೊರಗೆ ಬೋರ್ಡು ನೋಡಿ. ಕರ್ನಾಟಕದಲ್ಲಿ 2007ರ ಕಾನೂನಿನ ಪ್ರಕಾರ ಪ್ರತಿ ಖಾಸಗಿ ಕ್ಲಿನಿಕ್ಕೂ ಕೆಪಿಎಂಇ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವ ಹಾಗೆ ತೂಗುಹಾಕಿರಬೇಕು. ಅಲೋಪತಿಯಾದರೆ ತಿಳಿನೀಲಿ ಬೋರ್ಡು, ಆಯುರ್ವೇದವಾದರೆ ಹಸಿರು ಬೋರ್ಡು ಎಂದು 2024ರಲ್ಲಿ ಇಲಾಖೆ ಆದೇಶ ಮಾಡಿತು. ಓದಿದ್ದು ಒಂದು ಪದ್ಧತಿ, ಕೊಡುವುದು ಇನ್ನೊಂದು ಪದ್ಧತಿಯ ಮದ್ದು ಎಂದಾದರೆ ಅಲ್ಲಿಂದ ಎದ್ದು ಬನ್ನಿ. ಮುಂಬಯಿಯ ಪೂನಂ ವರ್ಮಾ ಎಂಬಾಕೆಯ ಗಂಡ 1992ರಲ್ಲಿ ತೀರಿಕೊಂಡ. ಹೋಮಿಯೋಪತಿ ಓದಿದವರೊಬ್ಬರು ಜ್ವರಕ್ಕೆ ಅಲೋಪತಿ ಔಷಧಿ ಕೊಟ್ಟಿದ್ದರು. ಆಕೆ ಸುಮ್ಮನೆ ಕೂರಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದಳು. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದು 1996ರಲ್ಲಿ ನ್ಯಾಯಾಲಯ ಹೇಳಿತು, ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಒಳಗೆ ಹೋದ ಮೇಲೆ ನೋಡಿ. ನಿಮ್ಮನ್ನು ಮುಟ್ಟುವ ಮೊದಲು ಕೈ ತೊಳೆದರೇ? ಸಿರಿಂಜಿನ ಕವರ್ ನಿಮ್ಮೆದುರು ಹರಿದರೇ? ಚೀಟಿ ಬರೆದರೇ, ಅದನ್ನು ನೀವು ಓದಬಹುದೇ? ಔಷಧಿಯ ಮೂಲ ಹೆಸರನ್ನು, ಓದಲು ಬರುವ ಹಾಗೆ ಬರೆಯಬೇಕೆಂಬ ನಿಯಮ 2016ರಿಂದ ಇದೆ. ಪೇಪರಿನ ಪೊಟ್ಟಣದಲ್ಲಿ ಹೆಸರಿಲ್ಲದ ಮಾತ್ರೆ ಕೊಟ್ಟರೆ, ನನ್ನ ಅಮ್ಮನನ್ನು ನೆನೆದು ಅದನ್ನು ಅಲ್ಲೇ ಮೇಜಿನ ಮೇಲಿಟ್ಟು "ಇದರ ಹೆಸರೇನು ಡಾಕ್ಟ್ರೇ?" ಎಂದು ಕೇಳಿ. ಡೆಂಗ್ಯೂ ಹಬ್ಬಿರುವ ಕಾಲದಲ್ಲಿ ಜ್ವರಕ್ಕೆ ನೋವಿನ ಇಂಜೆಕ್ಷನ್ ಚುಚ್ಚಲು ಬಂದರೆ ಬೇಡವೆನ್ನಿ. ಕೆಲವು ನೋವಿನ ಮದ್ದುಗಳು ಡೆಂಗ್ಯೂವಿನಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. "ಇದು ನನ್ನ ಕೈಲಾಗದು, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದು ಸಮಯಕ್ಕೆ ಸರಿಯಾಗಿ ಹೇಳುವ ಡಾಕ್ಟರನ್ನು ಕೈಲಾಗದವರು ಎನ್ನಬೇಡಿ. ಅವರೇ ಬಲ್ಲವರು.

ಇನ್ನೊಂದು ಮಾತು ಹೆಂಗಸರಿಗೆಂದೇ. ಗರ್ಭಕೋಶ ತೆಗೆಸಿ ಎಂದ ಕೂಡಲೇ ತಲೆಯಾಡಿಸಬೇಡಿ. ನಮ್ಮ ರಾಜ್ಯದಲ್ಲೇ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬೇಡದೆ ತೆಗೆದರೆಂಬ ದೂರುಗಳು ಎದ್ದು, ಹೋರಾಟವಾಗಿ, ತನಿಖೆಗಳಾದವು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಲು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಸಹಿಯ ವಿಷಯಕ್ಕೂ ಬರೋಣ. "ಯಜಮಾನರನ್ನು ಕರೀರಿ, ಸಹಿ ಹಾಕ್ಲಿ" ಎನ್ನುತ್ತಾರೆ. ಮೈ ಯಾರದ್ದು? ದೆಹಲಿಯಲ್ಲಿ ಸಮೀರಾ ಕೊಹ್ಲಿ ಎಂಬಾಕೆ 1995ರಲ್ಲಿ ತಪಾಸಣೆಗೆಂದು ಮಲಗಿ ಏಳುವಷ್ಟರಲ್ಲಿ ಗರ್ಭಕೋಶವೇ ಇರಲಿಲ್ಲ. ಒಪ್ಪಿಗೆ ಕೊಟ್ಟದ್ದು ಹೊರಗೆ ಕೂತಿದ್ದ ತಾಯಿ. ಪ್ರಾಣಕ್ಕೆ ಅಪಾಯವಿಲ್ಲದಾಗ, ಪ್ರಜ್ಞೆ ಬರುವವರೆಗೆ ಕಾಯಬಹುದಾದಾಗ, ವಯಸ್ಕ ಹೆಣ್ಣಿನ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಲಾಗದು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನು ನಿಮ್ಮ ಮಗಳಿಗೂ ಸೊಸೆಗೂ ಹೇಳಿ.

ತಪ್ಪು ನಡೆದರೆ ಅಳುತ್ತ ಕೂರಬೇಡಿ. ಆಸ್ಪತ್ರೆಗೆ ಸೇರಿದ್ದರೆ ನಿಮ್ಮ ದಾಖಲೆಗಳನ್ನು ಬರೆದು ಕೇಳಿ, 72 ಗಂಟೆಯೊಳಗೆ ಕೊಡಬೇಕು. ಕೋಲಾರದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ, ಜಿಲ್ಲಾ ಆರೋಗ್ಯಾಧಿಕಾರಿ ಇದ್ದಾರೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಕಾಗದ.

ಆದ್ದರಿಂದ ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ನಾನು ಒಂದು ಹಟ ಹಿಡಿದಿದ್ದೇನೆ. ಸಾಲದ ಪುಸ್ತಕದ ಜೊತೆಗೆ ಮನೆಗೊಂದು ಫೈಲು. ಯಾವ ದಿನ, ಯಾರ ಹತ್ತಿರ, ಯಾವ ಕಾಯಿಲೆಗೆ, ಏನು ಕೊಟ್ಟರು, ಚೀಟಿ ಅದರೊಳಗೆ. ಚೀಟಿ ಕೊಡದ ಕಡೆ ಹೋಗುವುದಿಲ್ಲ ಎಂದು ಹನ್ನೆರಡು ಮನೆಯವರು ಒಪ್ಪಿದ್ದಾರೆ. ಮೊನ್ನೆ ಅವರಲ್ಲೊಬ್ಬಳು ಬಂದು, "ಟೀಚರಮ್ಮ, ನಾನು ಕೇಳಿದ್ದಕ್ಕೆ ಡಾಕ್ಟ್ರು ಸಿಡುಕಿದ್ರು, ಆದ್ರೂ ಬರ್ಕೊಟ್ರು" ಎಂದು ಚೀಟಿ ತೋರಿಸಿದಳು. ಅಕ್ಷರ ನನಗೂ ಓದಲಾಗಲಿಲ್ಲ. "ನಾಳೆ ಹೋಗಿ ಬಿಡಿಸಿ ಬರೆಯಕ್ಕೆ ಹೇಳ್ತೀನಿ ಬಿಡಿ" ಎಂದಳು.

ಅವಳು ಹೇಳುತ್ತಾಳೆ. ನನಗೆ ಗೊತ್ತು. ಅಂದು ನಾನು ಕೇಳಬೇಕಿತ್ತು.